ಮಗಳ ಬಸುರಿನ ಆತಂಕಕ್ಕೆ ಆರು ಶನಿವಾರ: ಜಯನಗರದ ಒಂದು ಗರ್ಭಿಣಿ ತರಗತಿಯ ಬಗ್ಗೆ

ಸೌತ್ ಎಂಡ್ ಸರ್ಕಲ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಜಯನಗರದ ಒಳಗೆ ಏಳೆಂಟು ನಿಮಿಷ ನಡೆದರೆ ಸಿಗುವ ಹಳೆಯ ಮನೆಯೊಂದರ ಮೊದಲ ಮಹಡಿಯಲ್ಲಿ, ಆತಂಕದಿಂದ ಬಳಲುವ ಗರ್ಭಿಣಿಯರಿಗಾಗಿ ಇಬ್ಬರು ಆಪ್ತಸಮಾಲೋಚಕಿಯರು ಆರು ವಾರಗಳ ತರಗತಿ ನಡೆಸುತ್ತಾರೆ. 2024ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ, ಶನಿವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ, ನನ್ನ ಮಗಳ ಪಕ್ಕದ ಕುರ್ಚಿಯಲ್ಲಿ ನಾನು ಅಲ್ಲಿ ಕುಳಿತಿದ್ದೆ. ಪ್ರತಿ ಗರ್ಭಿಣಿಯ ಜೊತೆ ಮನೆಯವರೊಬ್ಬರು ಬರಲೇಬೇಕೆಂಬುದು ಅಲ್ಲಿನ ನಿಯಮ. ಅಳಿಯನಿಗೆ ಶನಿವಾರವೂ ಕೆಲಸವಿದ್ದುದರಿಂದ ಆ ಕುರ್ಚಿ ನನ್ನ ಪಾಲಿಗೆ ಬಂತು. ನಡೆಸುವವರು ಹೆಸರು ಬರೆಯುವುದು ಬೇಡವೆಂದು ಕೋರಿದ್ದಾರೆ. ಒಂದು ಬಾರಿಗೆ ಎಂಟು ಗರ್ಭಿಣಿಯರಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳುವುದಿಲ್ಲ, ಕಾಯುವವರ ಪಟ್ಟಿ ಈಗಾಗಲೇ ಉದ್ದವಿದೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಇಂಥ ತರಗತಿಗಳು ಈಗ ಬೆಂಗಳೂರಿನಲ್ಲಿ ಅಲ್ಲಲ್ಲಿ ತಲೆಯೆತ್ತುತ್ತಿವೆ. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗುವ ಮೊದಲು ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಇದರಿಂದ ಒಬ್ಬರಿಗಾದರೂ ತಿಳಿದರೆ ಬರೆದದ್ದು ಸಾರ್ಥಕ.

ನನ್ನ ಮಗಳ ಮೊದಲ ಬಸುರು ಹತ್ತನೆಯ ವಾರದಲ್ಲಿ ನಿಂತುಹೋಗಿತ್ತು. ಎರಡನೆಯ ಸಲ ಬಸುರಾದಾಗ ಮನೆಯವರೆಲ್ಲ ಹಿಗ್ಗಿದೆವು, ಅವಳು ಹಿಗ್ಗಲಿಲ್ಲ. ನಾಲ್ಕನೆಯ ತಿಂಗಳಿಗೆ ರಾತ್ರಿ ಎರಡು ಗಂಟೆಗೆಲ್ಲ ಎಚ್ಚರಾಗಿ ಬೆಳಗಿನವರೆಗೆ ಗೋಡೆ ನೋಡುತ್ತಾ ಕೂರುವುದು ರೂಢಿಯಾಯಿತು. ಮಗುವಿನ ಚಲನೆ ತಿಳಿಯತೊಡಗಿದ ಮೇಲೆ ದಿಂಬಿನ ಕೆಳಗೆ ಒಂದು ಪುಸ್ತಕ ಬಂತು. ಹಾಲಿನವನ ಲೆಕ್ಕದಂತೆ ಒದೆತಕ್ಕೊಂದು ಗೆರೆ, ಐದಕ್ಕೊಂದು ಅಡ್ಡಗೆರೆ. ಗೆರೆ ಕಡಿಮೆಯಾದ ದಿನ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಐದನೆಯ ತಿಂಗಳ ಸ್ಕ್ಯಾನಿಂಗ್‌ಗೆ ಹೋದ ಕಡೆ ಸಿಬ್ಬಂದಿಯೊಬ್ಬರು ಅವಳ ನಡುಗುವ ಕೈ ನೋಡಿ, ‘ಹೀಗೆ ಟೆನ್ಶನ್ ಮಾಡಿಕೊಂಡರೆ ಮಗುವಿನ ಮೆದುಳಿಗೆ ಪೆಟ್ಟು ಬೀಳುತ್ತೆ, ಗೊತ್ತಾ?’ ಎಂದರು. ಅಂದಿನಿಂದ ಅವಳಿಗೆ ಎರಡು ಚಿಂತೆ: ಮಗುವಿನದು ಒಂದು, ತನ್ನ ಚಿಂತೆಯಿಂದ ಮಗುವಿಗೆ ಏನಾಗುತ್ತಿದೆಯೋ ಎಂಬುದು ಇನ್ನೊಂದು. ನಾನೂ ಏನೂ ಕಡಿಮೆ ಮಾಡಲಿಲ್ಲ. ‘ಬಸುರಿ ಹೆಂಗಸು ಅಳಬಾರದು ಕಣೇ, ಹುಟ್ಟೋ ಮಗು ಅಳುಬುರುಕ ಆಗುತ್ತೆ’ ಎಂದು ನನ್ನ ಅಮ್ಮ ನನಗೆ ಹೇಳಿದ್ದನ್ನೇ ಅವಳಿಗೆ ಹೇಳಿದ್ದೆ. ಪ್ರೀತಿಯಿಂದಲೇ ಹೇಳಿದ್ದೆ. ಅವಳು ಅಳುವುದನ್ನು ನಿಲ್ಲಿಸಲಿಲ್ಲ, ನನ್ನ ಎದುರು ಅಳುವುದನ್ನು ನಿಲ್ಲಿಸಿದಳು.

ಆದ್ದರಿಂದ ಈ ತರಗತಿಯನ್ನು ನಾನು ಅಳೆದದ್ದು ಒಂದೇ ಅಳತೆಗೋಲಿನಿಂದ. ತಾಯಿಯ ತೀವ್ರ ಆತಂಕ ಗರ್ಭದಲ್ಲಿರುವ ಮಗುವಿನ ಮೇಲೆ ಪರಿಣಾಮ ಬೀರಬಲ್ಲದು ಎಂಬ ಸತ್ಯವನ್ನು ಇವರು ಮುಚ್ಚಿಡುತ್ತಾರೆಯೇ, ಅಥವಾ ಅದನ್ನೇ ಹೇಳಿ ಬಸುರಿಯನ್ನು ಇನ್ನಷ್ಟು ಹೆದರಿಸುತ್ತಾರೆಯೇ? ಮುಚ್ಚಿಡಲಿಲ್ಲ, ಹೆದರಿಸಲೂ ಇಲ್ಲ. ಇದು ಎಷ್ಟು ಕಷ್ಟದ ಕೆಲಸವೆಂಬುದು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನನಗೆ ಚೆನ್ನಾಗಿ ಗೊತ್ತು.

ಮೊದಲ ದಿನ ಎರಡು ಪ್ರಶ್ನಾವಳಿಗಳನ್ನು ತುಂಬಿಸಿದರು. ಒಂದು 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪುಗೊಂಡ, ಹತ್ತು ಪ್ರಶ್ನೆಗಳ ಎಡಿನ್‌ಬರೊ ಮಾಪಕ. ಬಾಣಂತಿಯರ ಖಿನ್ನತೆಯನ್ನು ಗುರುತಿಸಲೆಂದು ಮಾಡಿದ್ದಾದರೂ ಗರ್ಭಿಣಿಯರಿಗೂ ಬಳಸುತ್ತಾರೆ, ಮತ್ತು ಅದರ ಮೂರು, ನಾಲ್ಕು, ಐದನೆಯ ಪ್ರಶ್ನೆಗಳು ಆತಂಕವನ್ನೇ ಕೇಳುತ್ತವೆ. ಅದರ ಕನ್ನಡ ರೂಪವನ್ನೇ ಕೊಟ್ಟರು. ನಮ್ಮ ಗ್ರಾಮೀಣ ಗರ್ಭಿಣಿಯರ ನಡುವೆ ಪರೀಕ್ಷಿಸಿದ ಕನ್ನಡ ರೂಪವಿದೆ ಎಂಬುದು ನನಗೆ ಅಲ್ಲಿಯೇ ತಿಳಿದದ್ದು. ಇನ್ನೊಂದು ಏಳು ಪ್ರಶ್ನೆಗಳ ಜಿಎಡಿ–7, ಕಳೆದ ಎರಡು ವಾರಗಳ ಚಿಂತೆಯನ್ನು 21 ಅಂಕಗಳಲ್ಲಿ ಅಳೆಯುವಂಥದ್ದು. ಮಗಳಿಗೆ ಬಂದದ್ದು 16. ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರವೆಂದು ಎಣಿಸುತ್ತಾರೆ. ಅಂಕ ಎಂದರೆ ರೋಗದ ತೀರ್ಮಾನವಲ್ಲ, ಮುಂದೆ ಕುಳಿತು ಮಾತನಾಡಬೇಕೆಂಬ ಸೂಚನೆ ಅಷ್ಟೇ ಎಂದು ಮೊದಲೇ ಹೇಳಿದ್ದರು. ಎಡಿನ್‌ಬರೊ ಮಾಪಕದ ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಗುಂಪಿನ ಒಬ್ಬ ಹುಡುಗಿಯ ಉತ್ತರ ನೋಡಿದೊಡನೆ ಸಮಾಲೋಚಕಿಯರಲ್ಲಿ ಒಬ್ಬರು ತರಗತಿಯನ್ನು ಇನ್ನೊಬ್ಬರಿಗೆ ಬಿಟ್ಟು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋದರು, ಅವಳ ಗಂಡನನ್ನು ಕರೆಸಿದರು, ಅದೇ ದಿನ ಮನೋವೈದ್ಯರ ಬಳಿಗೆ ಕಳುಹಿಸಿದರು. ತಮ್ಮ ಕೈಯಲ್ಲಿ ಆಗದ್ದು ಯಾವುದೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿದೆ, ಮತ್ತು ಇದನ್ನು ನಾನು ಆ ತರಗತಿಯ ದೊಡ್ಡ ಗುಣವೆಂದು ಎಣಿಸುತ್ತೇನೆ.

ಆ ದಿನ ಕೊಟ್ಟ ಇನ್ನೊಂದು ಸಲಹೆ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ವರದಿಗಳನ್ನು ತರುವುದು. ಎದೆ ಡವಡವ ಎನ್ನುವುದಕ್ಕೆ ಥೈರಾಯ್ಡ್ ಅಥವಾ ರಕ್ತಹೀನತೆಯೂ ಕಾರಣವಾಗಬಹುದು, ಅದನ್ನು ತಳ್ಳಿಹಾಕದೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು ಎಂದರು. ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬರು ಬಸುರಾದ ಕೂಡಲೇ ತಾವಾಗಿಯೇ ನಿಲ್ಲಿಸಿದ್ದರು. ವೈದ್ಯರನ್ನು ಕೇಳದೆ ನಿಲ್ಲಿಸುವುದೂ ಅಪಾಯವೆಂದು ಅವರಿಗೆ ತಿಳಿಹೇಳಿ, ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿಸಿದರು.

ಎರಡನೆಯ ಶನಿವಾರದ ಪಾಠವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆಗಳಿದ್ದವು, ಪ್ರತಿಯೊಂದರಲ್ಲೂ ನೂರು ಕಾಳು. ಮೊದಲ ತಟ್ಟೆಯಲ್ಲಿ ತೊಂಬತ್ತೈದು ಬಿಳಿ ಕಾಬೂಲಿ ಕಡಲೆ, ಐದು ಕಪ್ಪು ಕಡಲೆ. ಎರಡನೆಯದರಲ್ಲಿ ತೊಂಬತ್ತು ಬಿಳಿ, ಹತ್ತು ಕಪ್ಪು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991 ಮತ್ತು 1992ರಲ್ಲಿ ಹೆರಿಗೆಯಾಗಲಿದ್ದ ಸುಮಾರು ಹದಿನಾಲ್ಕು ಸಾವಿರ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅತಿ ಹೆಚ್ಚು ಆತಂಕವಿದ್ದ ಶೇಕಡಾ 15ರಷ್ಟು ತಾಯಂದಿರ ಮಕ್ಕಳಲ್ಲಿ, ನಾಲ್ಕು ವರ್ಷದ ಹೊತ್ತಿಗೆ ಗಮನವಿಲ್ಲದಿರುವಿಕೆ, ಹಟ, ಭಯ ಮುಂತಾದ ನಡವಳಿಕೆಯ ತೊಂದರೆಗಳು ಉಳಿದವರಿಗಿಂತ ಸುಮಾರು ಎರಡು ಪಟ್ಟು ಕಂಡವು ಎಂದು 2002ರಲ್ಲಿ ಪ್ರಕಟವಾಯಿತು. ತಾಯಿಯ ಹೆರಿಗೆಯ ನಂತರದ ಖಿನ್ನತೆ, ಬಡತನ, ಧೂಮಪಾನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ನಂಟು ಉಳಿಯಿತು. ‘ಎರಡು ಪಟ್ಟು’ ಎಂಬ ಮಾತು ಕೇಳಿ ನನ್ನ ಮಗಳ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. ಸಮಾಲೋಚಕಿ ಆಗ ಎರಡೂ ತಟ್ಟೆಗಳನ್ನು ಅವಳ ಕೈಗೇ ಕೊಟ್ಟು, ಕಪ್ಪು ಕಾಳುಗಳನ್ನು ಆರಿಸಿ ಬದಿಗಿಡಲು ಹೇಳಿದರು. ಐದು ಹತ್ತಾಗುವುದೆಂದರೆ ಸುಮಾರಾಗಿ ಇಷ್ಟು. ಎರಡನೆಯ ತಟ್ಟೆಯಲ್ಲಿ ಉಳಿದ ತೊಂಬತ್ತು ಕಾಳುಗಳೂ ಬಹಳ ಆತಂಕಪಟ್ಟ ತಾಯಂದಿರ ಮಕ್ಕಳೇ, ಅವಕ್ಕೆ ಏನೂ ಆಗಿಲ್ಲ ಎಂದರು. ಮಗಳು ಆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಿಳಿ ಕಾಳುಗಳ ಮೇಲೆ ಬೆರಳಾಡಿಸುತ್ತಾ ತರಗತಿ ಮುಗಿಯುವವರೆಗೂ ಕುಳಿತಿದ್ದಳು.

ಇದು ನಡೆಯುವ ಬಗೆಯನ್ನೂ ಸರಳವಾಗಿ ವಿವರಿಸಿದರು. ಭಯವಾದಾಗ ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಮಗುವಿಗೂ ತಾಯಿಗೂ ನಡುವಿನ ಮಾಸು ಎಲ್ಲವನ್ನೂ ಹಾಗೆಯೇ ಒಳಗೆ ಬಿಡುವುದಿಲ್ಲ; ಅಲ್ಲಿರುವ ಒಂದು ಕಿಣ್ವ ಆ ಕಾರ್ಟಿಸಾಲ್‌ನ ಬಹುಪಾಲನ್ನು ನಿಷ್ಕ್ರಿಯಗೊಳಿಸಿಬಿಡುತ್ತದೆ. ಆತಂಕ ತೀವ್ರವಾಗಿದ್ದು ಬಹಳ ದಿನ ಮುಂದುವರಿದಾಗ ಆ ಕಿಣ್ವ ತಗ್ಗುವುದು ಅಧ್ಯಯನಗಳಲ್ಲಿ ಕಂಡಿದೆ, ಮಗುವಿನ ಮೆದುಳು ಬೆಳೆಯುವ ರೀತಿಗೆ ಅದು ತಾಗುವ ದಾರಿಗಳಲ್ಲಿ ಇದೂ ಒಂದಿರಬಹುದು. ಮಾಸು ನಮ್ಮ ಹಳೆಯ ಮನೆಗಳ ಪಡಸಾಲೆಯಂತೆ ಎಂದು ನನಗೆ ಅನ್ನಿಸಿತು: ಹೊರಗಿನವರು ಬಂದರೂ ಅಲ್ಲಿಯೇ ಕೂರಿಸಿ ಮಾತನಾಡಿಸಿ ಕಳುಹಿಸುವ ಜಾಗ.

ಒಂದೇ ಅಧ್ಯಯನವನ್ನು ಹಿಡಿದುಕೊಂಡು ಕೂರದಿದ್ದುದಕ್ಕೂ ಅವರನ್ನು ಮೆಚ್ಚಬೇಕು. ಅಂಜುಬುರುಕ ಸ್ವಭಾವ ವಂಶದಿಂದ ಬಂದಿರಬಹುದಲ್ಲವೇ, ಗರ್ಭದ ಪ್ರಭಾವವೆಂದು ಹೇಗೆ ಹೇಳುತ್ತೀರಿ ಎಂದು ನಾನೇ ಕೇಳಿದೆ. ಅದಕ್ಕೆ ಅವರು ಎರಡು ಉದಾಹರಣೆ ಕೊಟ್ಟರು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಿಮಗಟ್ಟುವ ಮಳೆ ಸುರಿದು ವಿದ್ಯುತ್ ತಂತಿಗಳು ಕಡಿದುಬಿದ್ದವು, ಕೊರೆಯುವ ಚಳಿಯಲ್ಲಿ ಎಷ್ಟೋ ಮನೆಗಳು ವಾರಗಟ್ಟಲೆ ಕತ್ತಲಲ್ಲಿದ್ದವು. ಆ ಕಷ್ಟ ಧೈರ್ಯಸ್ಥೆ, ಪುಕ್ಕಲು ಎಂದು ನೋಡಿ ಬಂದದ್ದಲ್ಲ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳನ್ನು ಎರಡು ವರ್ಷದವರಾದಾಗ ಪರೀಕ್ಷಿಸಿದರೆ, ಹೆಚ್ಚು ಕಷ್ಟಪಟ್ಟ ತಾಯಂದಿರ ಮಕ್ಕಳ ಮಾತು ಮತ್ತು ಗ್ರಹಿಕೆ ಸರಾಸರಿಯಲ್ಲಿ ಸ್ವಲ್ಪ ಹಿಂದಿತ್ತು. ಇನ್ನೊಂದು, 2010ರಲ್ಲಿ ಬ್ರಿಟನ್ನಿನಿಂದ ಬಂದದ್ದು: ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮಕ್ಕಳ ಪೈಕಿ ಹೊತ್ತ ತಾಯಿಯ ವಂಶವಾಹಿಯೇ ಇರುವವರನ್ನೂ, ದಾನಿಯ ಅಂಡಾಣುವಿನಿಂದ ಹುಟ್ಟಿದವರನ್ನೂ ಹೋಲಿಸಿ ನೋಡಿದ್ದು. ಜನನ ತೂಕಕ್ಕೂ ಮಕ್ಕಳ ಪುಂಡ ನಡವಳಿಕೆಗೂ ಗರ್ಭಕಾಲದ ಒತ್ತಡದೊಂದಿಗೆ ಇರುವ ನಂಟು ಎರಡೂ ಗುಂಪಿನಲ್ಲಿ ಕಂಡಿತು. ಗಮನ ನಿಲ್ಲದಿರುವ ತೊಂದರೆಯ ನಂಟು ಮಾತ್ರ ರಕ್ತಸಂಬಂಧವಿದ್ದ ಗುಂಪಿನಲ್ಲಷ್ಟೇ ಕಂಡಿತು. ಅಂದರೆ ಒಂದಷ್ಟು ಗರ್ಭದ ಪಾಲು, ಒಂದಷ್ಟು ವಂಶದ ಪಾಲು. ಇಷ್ಟು ಬಿಡಿಸಿ ಹೇಳಿದ್ದು ನನಗೆ ಬಹಳ ಹಿಡಿಸಿತು. ದೇಹ ಗಟ್ಟಿಯಿರುವ ಗರ್ಭಿಣಿಯರಲ್ಲಿ ಸಾಧಾರಣ ಮಟ್ಟದ ಚಿಂತೆ ಇದ್ದಾಗ ಅವರ ಮಕ್ಕಳು ಎರಡು ವರ್ಷಕ್ಕೆ ತುಸು ಮುಂದೆಯೇ ಇದ್ದರೆಂದು ಅಮೆರಿಕದ ಬಾಲ್ಟಿಮೋರ್‌ನ ಸಂಶೋಧಕರು 2006ರಲ್ಲಿ ವರದಿ ಮಾಡಿದ್ದನ್ನೂ ಹೇಳಿದರು. ದಿನನಿತ್ಯದ ಸಣ್ಣಪುಟ್ಟ ಕಳವಳಕ್ಕೆಲ್ಲ ಬಸುರಿ ಅಪರಾಧಿಯಂತೆ ಕುಗ್ಗಬೇಕಾಗಿಲ್ಲ ಎಂಬುದಕ್ಕೆ ಅದೂ ಒಂದು ಆಧಾರ.

ಬ್ರಿಸ್ಟಲ್‌ನ ಇಸವಿ ಕೇಳಿದಾಗ ನನ್ನ ಮನಸ್ಸು ಬೇರೆಡೆಗೆ ಹೋಯಿತೆಂದು ಒಪ್ಪಿಕೊಳ್ಳುತ್ತೇನೆ. 1991ರ ಡಿಸೆಂಬರ್‌ನಲ್ಲಿ ಕಾವೇರಿ ವಿಷಯವಾಗಿ ಬೆಂಗಳೂರು ಹೊತ್ತಿ ಉರಿದು ಕರ್ಫ್ಯೂ ಹಾಕಿದಾಗ ಇದೇ ಮಗಳು ನನ್ನ ಹೊಟ್ಟೆಯಲ್ಲಿದ್ದಳು, ನನಗೆ ಏಳು ತಿಂಗಳು. ನಗರದ ಪಶ್ಚಿಮ ಭಾಗದ ಬಾಡಿಗೆ ಮನೆಯಲ್ಲಿ, ಆ ರಾತ್ರಿ ಮನೆಗೆ ಬರಲಾಗದ ನನ್ನ ಯಜಮಾನರಿಗಾಗಿ ಕಾಯುತ್ತಾ, ದೂರದ ಹೊಗೆ ನೋಡುತ್ತಾ ಕಿಟಕಿಯ ಸರಳು ಹಿಡಿದು ನಿಂತದ್ದು ಇಂದಿಗೂ ಕಣ್ಣಮುಂದಿದೆ. ಇವಳ ಪುಕ್ಕಲುತನ ಆ ರಾತ್ರಿಯದ್ದೇ ಇರಬಹುದೇ ಎಂದು ವಿರಾಮದ ಹೊತ್ತಿನಲ್ಲಿ ಸಮಾಲೋಚಕಿಯನ್ನು ಕೇಳಿದೆ. ಒಂದು ರಾತ್ರಿಯಿಂದ ಒಬ್ಬ ಮನುಷ್ಯಳ ಸ್ವಭಾವ ತೀರ್ಮಾನವಾಗುವುದಿಲ್ಲ, ಅಧ್ಯಯನಗಳು ಹೇಳುವುದು ಸಾವಿರಾರು ಮಂದಿಯ ಸರಾಸರಿಯನ್ನು, ನಿಮ್ಮ ಮಗಳ ಜಾತಕವನ್ನಲ್ಲ ಎಂದರು. ಮೂವತ್ತೆರಡು ವರ್ಷ ಯಾರೊಂದಿಗೂ ಆಡದ ಮಾತನ್ನು ಆಡಿ ಉತ್ತರ ಪಡೆದದ್ದಕ್ಕೆ ನನಗಂತೂ ತರಗತಿಯ ಶುಲ್ಕ ಅಲ್ಲಿಗೇ ಸಂದಿತು.

ಮುಂದಿನ ಮೂರು ವಾರಗಳು ಅಭ್ಯಾಸದವು. ಚಿಂತೆಗೆಂದು ದಿನಕ್ಕೆ ಇಪ್ಪತ್ತು ನಿಮಿಷ ಗೊತ್ತುಮಾಡಿ, ಉಳಿದ ಹೊತ್ತು ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಆ ವೇಳೆಗೆ ಎತ್ತಿಡುವುದು, ಉಸಿರನ್ನು ಉದ್ದವಾಗಿ ಬಿಡುವುದು, ಭಯ ಹೇಳುವ ಮಾತಿಗೂ ಎದುರಿಗಿರುವ ವಾಸ್ತವಕ್ಕೂ ಎಷ್ಟು ಅಂತರವೆಂದು ಬರೆದು ನೋಡುವುದು, ಇಂಥವು. ಇದೇ ಬಗೆಯ ಆರು ಭೇಟಿಗಳ ಕ್ರಮವನ್ನು ಪಾಕಿಸ್ತಾನದ ರಾವಲ್ಪಿಂಡಿಯ ಸರ್ಕಾರಿ ಆಸ್ಪತ್ರೆಯಲ್ಲಿ ಆತಂಕವಿದ್ದ ಗರ್ಭಿಣಿಯರಿಗೆ ಮನೋವೈದ್ಯರಲ್ಲದವರಿಂದಲೇ ಕೊಡಿಸಿ ನೋಡಿದಾಗ, ಹೆರಿಗೆಯ ನಂತರದ ಖಿನ್ನತೆ ಮತ್ತು ಆತಂಕ ಗಣನೀಯವಾಗಿ ತಗ್ಗಿದ್ದು 2024ರಲ್ಲಿ ಪ್ರಕಟವಾಗಿದೆ. ಒದೆತದ ಪುಸ್ತಕವನ್ನು ಅವರು ಕಸಿದುಕೊಳ್ಳಲಿಲ್ಲ. 28 ವಾರಕ್ಕೆ ಮುಂಚೆ ಚಲನೆಗೆ ಸ್ಥಿರವಾದ ಕ್ರಮ ಕಾಣದೆ ಇರಬಹುದು, ಆಮೇಲೆ ವೈದ್ಯರು ಹೇಳಿದಂತೆ ಗಮನಿಸಬೇಕು, ಕಡಿಮೆಯೆನಿಸಿದರೆ ಲೆಕ್ಕ ಹಾಕುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು ಎಂದು ತಿಳಿಸಿದರು. ಮಗಳೇ ಆ ರಾತ್ರಿ ಪುಸ್ತಕವನ್ನು ಬೀರುವಿನಲ್ಲಿಟ್ಟಳು. ಐದನೆಯ ವಾರಕ್ಕೆ ಜಿಎಡಿ ಅಂಕ 9ಕ್ಕೆ ಇಳಿದಿತ್ತು. ಎಲ್ಲರಿಗೂ ಇಳಿಯಲಿಲ್ಲ, ಇಬ್ಬರಿಗೆ ಇದ್ದಲ್ಲಿಯೇ ಇತ್ತು, ಅವರನ್ನು ವೈದ್ಯರ ಬಳಿಗೆ ಕಳುಹಿಸಿದರು.

ಪ್ರತಿ ತರಗತಿಯಲ್ಲೂ ಹದಿನೈದು ನಿಮಿಷ ಜೊತೆಗಾರರನ್ನು ಹೊರಗೆ ಕಳುಹಿಸಿ ಗರ್ಭಿಣಿಯರೊಂದಿಗೆ ಮಾತ್ರ ಮಾತನಾಡುತ್ತಿದ್ದರು. ಹೆತ್ತ ತಾಯಿಯನ್ನೇ ಹೊರಗೆ ನಿಲ್ಲಿಸುವುದೆಂದರೇನು ಎಂದು ಮೊದಲ ವಾರ ನನಗೆ ಸಿಟ್ಟು ಬಂದಿತ್ತು. ಮೂರನೆಯ ವಾರ ಒಬ್ಬ ಹುಡುಗಿ ಕೆಂಪಾದ ಕಣ್ಣಿನಿಂದ ಹೊರಬಂದು ತನ್ನ ಅತ್ತೆಯಿಂದ ದೂರದ ಕುರ್ಚಿಯಲ್ಲಿ ಕುಳಿತಾಗ ಆ ಹದಿನೈದು ನಿಮಿಷ ಏಕೆಂದು ಅರ್ಥವಾಯಿತು. ಆತಂಕ ಯಾವಾಗಲೂ ಬಸುರಿಯ ತಲೆಯೊಳಗೇ ಹುಟ್ಟುವುದಿಲ್ಲ, ಎಷ್ಟೋ ಸಲ ಅದು ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತದೆ. ಗಂಡು ಮಗುವಾಗಲೆಂಬ ಒತ್ತಾಯ, ಮನೆಯ ಜಗಳ, ಸಾಲ, ಹೊಡೆತ ಇವಕ್ಕೆಲ್ಲ ಉಸಿರಾಟದ ಅಭ್ಯಾಸ ಮದ್ದಲ್ಲ.

ಇನ್ನು ಕೊರತೆಗಳು. ಲಿಫ್ಟ್ ಇಲ್ಲದ ಮನೆಯಲ್ಲಿ ಮೊದಲ ಮಹಡಿಯ ತರಗತಿ. ಇಪ್ಪತ್ತೆರಡು ಕಡಿದಾದ ಮೆಟ್ಟಿಲುಗಳನ್ನು ಎಂಟು ತಿಂಗಳ ಬಸುರಿ ಗೋಡೆ ಹಿಡಿದುಕೊಂಡು ಹತ್ತುವುದನ್ನು ನೋಡುವಾಗ ನನ್ನ ಜೀವವೇ ಬಾಯಿಗೆ ಬರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಿಗೆ ದಿಂಬಿಲ್ಲ, ನಾವು ಮನೆಯಿಂದ ಒಯ್ದೆವು. ಮನೆಗೆ ಕೊಡುವ ಹಾಳೆಗಳು ಇಂಗ್ಲಿಷಿನಲ್ಲಿವೆ. ಪ್ರಶ್ನಾವಳಿ ಕನ್ನಡದಲ್ಲಿ, ಮಾತು ಕನ್ನಡದಲ್ಲಿ, ಮನೆಯಲ್ಲಿ ಓದಿಕೊಳ್ಳಬೇಕಾದದ್ದು ಮಾತ್ರ ಇಂಗ್ಲಿಷಿನಲ್ಲಿ ಎಂದರೆ ಅದನ್ನು ಒಪ್ಪುವುದು ಹೇಗೆ? ಗುಂಪಿನ ಇಬ್ಬರಿಗೆ ನಾನು ಆ ಹಾಳೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆ, ಪ್ರತಿಯನ್ನು ತರಗತಿಯವರಿಗೂ ಕೊಟ್ಟಿದ್ದೇನೆ. ಗಂಡಂದಿರಿಗಾಗಿ ಇಟ್ಟ ಒಂದೇ ಒಂದು ಸಭೆ ವಾರದ ನಡುವೆ ಸಂಜೆ ಐದು ಗಂಟೆಗೆ. ಹೊರವರ್ತುಲ ರಸ್ತೆಯ ಕಚೇರಿಗಳಿಂದ ಆ ಹೊತ್ತಿಗೆ ಜಯನಗರಕ್ಕೆ ಯಾರು ತಲುಪುತ್ತಾರೆ? ಬಂದವರು ಇಬ್ಬರೇ.

ನನ್ನ ದೊಡ್ಡ ಆಕ್ಷೇಪಣೆ ಕೊನೆಯ ಶನಿವಾರದ್ದು. ಹೆರಿಗೆಯ ನಂತರ ಏನು ಮಾಡಬೇಕೆಂಬುದಕ್ಕೆ ಸಿಕ್ಕಿದ್ದು ಬರೀ ಅರ್ಧ ಗಂಟೆ, ಆದರೆ ಆರು ವಾರಗಳಲ್ಲಿ ಅತಿ ಹೆಚ್ಚು ಧೈರ್ಯ ಕೊಟ್ಟ ಮಾತು ಬಂದದ್ದು ಅದರಲ್ಲಿಯೇ. ಇಂಗ್ಲೆಂಡಿನ ವಿರಲ್ ಎಂಬಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸುರಿನಲ್ಲಿ ತಾಯಂದಿರ ಖಿನ್ನತೆಯನ್ನು ಅಳೆದು, ಕೂಸುಗಳನ್ನು ಐದನೆಯ ಮತ್ತು ಒಂಬತ್ತನೆಯ ವಾರದ ಹೊತ್ತಿಗೆ ತಾಯಿ ಎಷ್ಟು ಮೈದಡವುತ್ತಾಳೆ ಎಂದು ಕೇಳಿಕೊಂಡು, ಏಳನೆಯ ತಿಂಗಳಲ್ಲಿ ಕೂಸನ್ನು ನೋಡಿದರು. ಹೆಚ್ಚು ಮೈದಡವಿದ ತಾಯಂದಿರ ಕೂಸುಗಳಲ್ಲಿ ಗರ್ಭಕಾಲದ ಖಿನ್ನತೆಯ ಪರಿಣಾಮ ತಗ್ಗಿತ್ತು. ಅದೇ ತಂಡ ನಿಮ್ಹಾನ್ಸ್ ಜೊತೆ ಸೇರಿ ನಮ್ಮ ಬೆಂಗಳೂರಿನ ತಾಯಿಮಕ್ಕಳನ್ನೂ ಹಿಂಬಾಲಿಸಿ ಅಧ್ಯಯನ ನಡೆಸಿದೆ. ಕಾಲು ಚಾಚಿ ಕುಳಿತು, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು, ಬಿಸಿ ಮಾಡಿದ ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆನ್ನು ತೀಡುವ ನಮ್ಮ ಬಾಣಂತನ ಕಣ್ಣಿಗೆ ಕಟ್ಟಿ ನಾನು ಕೈಯೆತ್ತಿದೆ. ಅಧ್ಯಯನ ನೋಡಿದ್ದು ತಾಯಿಯ ಮೆಲ್ಲನೆಯ ಮೈದಡವುವಿಕೆಯನ್ನು, ಎಣ್ಣೆಸ್ನಾನವನ್ನಲ್ಲ, ಆದ್ದರಿಂದ ಎರಡೂ ಒಂದೇ ಎನ್ನಲಾಗದು ಎಂದು ಅವರು ತಿದ್ದಿದರು. ತಿದ್ದಿದ್ದು ಸರಿಯೇ. ಆದರೆ ಒಂದು ವಿಷಯ ನಾನು ಅದರಿಂದ ಕಲಿತೆ: ನಮ್ಮಲ್ಲಿ ಬಾಣಂತಿ ಮಲಗಿರುತ್ತಾಳೆ, ಕೂಸಿನ ಮೈ ಮುಟ್ಟುವುದೆಲ್ಲ ಅಜ್ಜಿಯೋ ನೀರು ಹಾಕುವಾಕೆಯೋ. ಡಿಸೆಂಬರ್‌ನಲ್ಲಿ ಮೊಮ್ಮಗ ಹುಟ್ಟಿದಾಗ ಎಣ್ಣೆಯ ಬಟ್ಟಲನ್ನು ನಾನು ಹಿಡಿದುಕೊಂಡು, ಕೈಯನ್ನು ಮಗಳಿಗೇ ಬಿಟ್ಟೆ. ಹೆರಿಗೆಯ ನಂತರದ ಈ ಭಾಗಕ್ಕೆ ಕಡೇಪಕ್ಷ ಒಂದು ಪೂರ್ತಿ ಶನಿವಾರ ಕೊಡಬೇಕೆಂದು ಅವರಿಗೆ ಪತ್ರ ಬರೆದಿದ್ದೇನೆ.

ತರಗತಿಗೆ ಹೋಗಲಾಗದವರು ತಿಳಿದಿರಬೇಕಾದ ಎರಡು ಸರ್ಕಾರಿ ಸೌಲಭ್ಯಗಳ ಚೀಟಿಯನ್ನು ಬಾಗಿಲ ಬಳಿ ಅಂಟಿಸಿದ್ದರು, ಅದನ್ನು ಇಲ್ಲಿಯೂ ಬರೆಯುತ್ತೇನೆ. ಒಂದು, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. 14416ಕ್ಕೆ ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಇನ್ನೊಂದು, ಹೊಸೂರು ರಸ್ತೆಯ ನಿಮ್ಹಾನ್ಸ್. ಅಲ್ಲಿ ಗರ್ಭಿಣಿ, ಬಾಣಂತಿಯರ ಮಾನಸಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ಸೇವೆಯಿದೆ, ದಾಖಲಾಗುವ ತಾಯಿಯ ಜೊತೆ ಕೂಸನ್ನೂ ಇರಿಸಿಕೊಳ್ಳುವ ತಾಯಿಮಗು ಘಟಕ 2009ರಿಂದ ನಡೆಯುತ್ತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆನ್ನುತ್ತದೆ. ಆಸ್ಪತ್ರೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆಯಿಂದ ಬಾಯಿ ಬಿಡದೆ ಕುಳಿತವರು ನನಗೆ ಗೊತ್ತಿರುವ ಮನೆಗಳಲ್ಲೇ ಇದ್ದಾರೆ.

ಆರು ವಾರಕ್ಕೆ ಒಬ್ಬರಿಗೆ ಆರು ಸಾವಿರ ರೂಪಾಯಿ, ಜೊತೆಗಾರರಿಗೆ ಶುಲ್ಕವಿಲ್ಲ. ಐದನೆಯ ತಿಂಗಳಲ್ಲೇ ಸೇರಿಕೊಳ್ಳುವುದು ಒಳ್ಳೆಯದು, ಮೆಟ್ಟಿಲ ಕಾರಣಕ್ಕೂ, ಅಭ್ಯಾಸಕ್ಕೆ ಸಮಯ ಸಿಗುವ ಕಾರಣಕ್ಕೂ. ನಮ್ಮ ಮನೆಗೆಲಸಕ್ಕೆ ಬರುವಾಕೆಯ ಸೊಸೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಾಳೆ, ಈಗ ಅವಳಿಗೆ ನಾಲ್ಕು ತಿಂಗಳು, ರಾತ್ರಿ ನಿದ್ದೆಯಿಲ್ಲವೆಂದು ಅತ್ತೆ ಹೇಳಿದಳು. ಆರು ಸಾವಿರ ಅವರಿಗೆ ಆಗದ ಮಾತು. ತರಗತಿಯವರಿಗೆ ಫೋನ್ ಮಾಡಿ ಕೇಳಿದಾಗ, ಪ್ರತಿ ಗುಂಪಿನಲ್ಲಿ ಎರಡು ಜಾಗ ಶುಲ್ಕವಿಲ್ಲದೆ ಇರುತ್ತವೆ, ಕೇಳಿದವರಿಗೆ ಕೊಡುತ್ತೇವೆ ಎಂದರು. ಅದನ್ನು ಎಲ್ಲಿಯೂ ಬರೆದು ಹಾಕಿಲ್ಲ, ಬರೆದು ಹಾಕಬೇಕೆಂದು ಹೇಳಿದ್ದೇನೆ. ಮುಂದಿನ ಗುಂಪಿಗೆ ಅವಳ ಹೆಸರು ಸೇರಿದೆ; ಅವಳ ಅತ್ತೆ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಕೆಲಸ ಬಿಟ್ಟು ಜೊತೆಗೆ ಹೋಗುತ್ತಾಳೆ.